ಬೆಳಕಿನ ಲಿಪಿಯಲ್ಲಿ ಬರೆದ ನಾದ

ಚಿತ್ರಕಾರನ ರೇಖೆ ಗೋಡೆಯ ಮೇಲೆ ನಿಲ್ಲುತ್ತದೆ. ಶಿಲ್ಪಿಯ ಉಳಿಯ ಗುರುತು ಕಲ್ಲಿನಲ್ಲಿ ಉಳಿಯುತ್ತದೆ. ಗಾಯಕನ ಸ್ವರವಾದರೋ ಕಿವಿಯನ್ನು ಸೋಕಿದೊಡನೆ ಗಾಳಿಯಲ್ಲಿ ಕರಗಿಹೋಗುತ್ತದೆ. ಅದನ್ನು ಹಿಡಿದಿಡಲು ಹಲವು ಜನಾಂಗಗಳು ಸ್ವರಲಿಪಿಗಳನ್ನು ಕಲ್ಪಿಸಿಕೊಂಡುವು. ಆದರೆ ಸ್ವರಲಿಪಿಯು ಕಲಾವಿದನಿಗೆ ಕೊಟ್ಟ ಸೂಚನೆ ಅಷ್ಟೆ. ಅದನ್ನು ನೋಡಿ ಹಾಡುವ ಕಂಠವೊಂದು, ನುಡಿಸುವ ಬೆರಳೊಂದು ಬೇಕೇ ಬೇಕು. ಹಾಗಲ್ಲದೆ ನಾದದ ಆಕೃತಿಯನ್ನೇ ನೇರವಾಗಿ ಬರೆದುಬಿಟ್ಟರೆ? ತಂತಿಯಿಲ್ಲದೆ, ಕೊಳಲಿಲ್ಲದೆ, ಕಾಗದದ ಮೇಲೆ ಎಳೆದ ಗೆರೆಯೇ ಹಾಡುವಂತಾದರೆ? 1917ರ ಕ್ರಾಂತಿಯನ್ನು ಅನುಸರಿಸಿ ಬಂದ ಎರಡು ದಶಕಗಳಲ್ಲಿ ರಷ್ಯದ ಕೆಲವು ಸಾಹಸಿಗಳು ಈ ಪ್ರಶ್ನೆಯನ್ನು ಕೇಳಿದರು. ಕೇಳಿ ಸುಮ್ಮನಾಗದೆ, ಉತ್ತರವನ್ನು ಕೈಯಾರೆ ಮಾಡಿಯೂ ತೋರಿಸಿದರು. ಅವರ ಕಥೆ ಸಂಗೀತದ ಚರಿತ್ರೆಯಲ್ಲಿ ಬಹುಕಾಲ ಮರೆತುಹೋಗಿದ್ದ ಒಂದು ಅಧ್ಯಾಯ.

ನಮ್ಮ ಶಾಸ್ತ್ರಕಾರರು ನಾದವನ್ನು ಆಹತವೆಂದೂ ಅನಾಹತವೆಂದೂ ಎರಡಾಗಿ ವಿಂಗಡಿಸಿದ್ದಾರೆ. ಅನಾಹತವು ಯೋಗಿಗೆ ಮಾತ್ರ ಗೋಚರವಾದುದು. ಲೋಕವನ್ನು ರಂಜಿಸುವ ನಾದವೆಲ್ಲ ಆಹತ, ಎಂದರೆ ಒಂದು ವಸ್ತು ಮತ್ತೊಂದನ್ನು ತಾಗಿದಾಗ ಹುಟ್ಟುವಂಥದು. 1920ರ ಸುಮಾರಿಗೆ ಪೆಟ್ರೋಗ್ರಾಡಿನ ಭೌತವಿಜ್ಞಾನ ಸಂಸ್ಥೆಯೊಂದರಲ್ಲಿ ಲೆವ್ ತೆರ್ಮೆನ್ ಎಂಬ ತರುಣನು ನಿರ್ಮಿಸಿದ ವಾದ್ಯವನ್ನು ಕಂಡಿದ್ದರೆ ಆ ಶಾಸ್ತ್ರಕಾರರು ಕ್ಷಣಕಾಲವಾದರೂ ಬೆರಗಾಗುತ್ತಿದ್ದರು. ಅದನ್ನು ನುಡಿಸುವವನು ಯಾವುದನ್ನೂ ಮುಟ್ಟುವುದಿಲ್ಲ. ಒಂದು ಪೆಟ್ಟಿಗೆ, ಅದರ ಒಂದು ಮಗ್ಗುಲಿಗೆ ನೆಟ್ಟಗೆ ನಿಂತ ಲೋಹದ ಸಲಾಕೆ, ಇನ್ನೊಂದು ಮಗ್ಗುಲಿಗೆ ಬಾಗಿದ ಬಳೆ. ಪೆಟ್ಟಿಗೆಯೊಳಗೆ ಮನುಷ್ಯನ ಕಿವಿಗೆ ಎಟುಕದಷ್ಟು ವೇಗವಾಗಿ ಸ್ಪಂದಿಸುವ ಎರಡು ವಿದ್ಯುತ್ ಆಂದೋಲಕಗಳಿರುತ್ತವೆ. ಕೈಯನ್ನು ಸಲಾಕೆಯ ಹತ್ತಿರ ತಂದಾಗ ಒಂದರ ವೇಗ ತುಸು ಬದಲಾಗುತ್ತದೆ. ಎರಡರ ನಡುವಣ ವ್ಯತ್ಯಾಸವೇ ಕೇಳಬಲ್ಲ ಸ್ವರವಾಗಿ ಹೊರಹೊಮ್ಮುತ್ತದೆ. ಬಳೆಯ ಬಳಿಯ ಕೈ ದನಿಯನ್ನು ಏರಿಸುತ್ತದೆ, ತಗ್ಗಿಸುತ್ತದೆ. ಮೆಟ್ಟಿಲಿಲ್ಲದ ವಾದ್ಯವಾದುದರಿಂದ ಸ್ವರದಿಂದ ಸ್ವರಕ್ಕೆ ಜಾರುವುದು ಇದಕ್ಕೆ ಸಹಜ. ನಿಂತಲ್ಲಿ ನಿಲ್ಲುವುದೇ ಕಷ್ಟ. 1922ರಲ್ಲಿ ತೆರ್ಮೆನ್ ಇದನ್ನು ಕ್ರೆಮ್ಲಿನ್ನಿನಲ್ಲಿ ಲೆನಿನ್ನನ ಮುಂದೆ ನುಡಿಸಿದನು. ಲೆನಿನ್ ತಾನೂ ಕೈಯಾಡಿಸಿ ನೋಡಿದನಂತೆ. ಪಶ್ಚಿಮ ದೇಶಗಳಲ್ಲಿ ಈ ವಾದ್ಯಕ್ಕೆ ಅದನ್ನು ಕಂಡುಹಿಡಿದವನ ಹೆಸರೇ ನಿಂತು, ಅದು ಥೆರೆಮಿನ್ ಎನಿಸಿತು.

ತೆರ್ಮೆನ್ ವಿಜ್ಞಾನಿ, ಸೌಮ್ಯ ಸ್ವಭಾವದವನು. ಈ ಕಥೆಯ ಎರಡನೆಯ ನಾಯಕ ಆರ್ಸೆನಿ ಅವ್ರಾಮೊವ್ ಹಾಗಲ್ಲ. ಒಂದು ಸ್ಥಾಯಿಯನ್ನು ಹನ್ನೆರಡು ಸಮಭಾಗಗಳಾಗಿ ಕಡಿದ ಪಿಯಾನೋ ವಾದ್ಯವೇ ಐರೋಪ್ಯರ ಕಿವಿಯನ್ನು ಕೆಡಿಸಿತೆಂಬುದು ಆತನ ದೃಢವಾದ ನಂಬಿಕೆ. ದೇಶದಲ್ಲಿರುವ ಪಿಯಾನೋಗಳನ್ನೆಲ್ಲ ಸುಟ್ಟುಬಿಡಬೇಕೆಂದು ಆಗಿನ ಶಿಕ್ಷಣ ಸಚಿವ ಲುನಾಚಾರ್‌ಸ್ಕಿಗೆ ಆತ ಸಲಹೆಯಿತ್ತಿದ್ದನು! ಸ್ವರಗಳ ನಡುವಣ ಸೂಕ್ಷ್ಮ ಅಂತರಗಳಿಗಾಗಿ ಆತ ರೂಪಿಸಿಕೊಂಡ ಪದ್ಧತಿಯಲ್ಲಿ ಒಂದು ಸ್ಥಾಯಿಗೆ 48 ಸ್ವರಗಳಿದ್ದುವು. ಶ್ರುತಿಗಳ ಸೂಕ್ಷ್ಮವನ್ನು ಬಲ್ಲ ನಮ್ಮವರಿಗೆ ಆತನ ಸಿಟ್ಟು ಅತಿಯೆನಿಸಿದರೂ ಅದರ ಕಾರಣವು ಅರ್ಥವಾಗದಿರದು. 1922ರ ನವೆಂಬರ್ 7ರಂದು ಬಾಕು ನಗರದಲ್ಲಿ ಆತ ಏರ್ಪಡಿಸಿದ ‘ಸೈರನ್‌ಗಳ ಸಿಂಫನಿ’ಯಲ್ಲಿ ಊರೇ ವಾದ್ಯವಾಗಿತ್ತು: ಕಾರ್ಖಾನೆಗಳ ಸೈರನ್‌ಗಳು, ಕ್ಯಾಸ್ಪಿಯನ್ ನೌಕಾಬಲದ ಕೊಂಬುಗಳು, ರೈಲು ಎಂಜಿನ್‌ಗಳ ಸಿಳ್ಳು, ಫಿರಂಗಿಗಳು, ಜನಸಮೂಹದ ಹಾಡು. ಇವೆಲ್ಲಕ್ಕೂ ಆತ ಬಾವುಟಗಳ ಸನ್ನೆಯಿಂದ ತಾಳವನ್ನು ತೋರಿದನು.

ಇಷ್ಟು ದೊಡ್ಡ ಸದ್ದನ್ನು ಎಬ್ಬಿಸಿದವನು ಕೊನೆಗೆ ತನಗೆ ಬೇಕಾದುದನ್ನು ಕಂಡುಕೊಂಡುದು ಕೂದಲೆಳೆಯಷ್ಟು ಕಿರಿದಾದ ಗೆರೆಗಳಲ್ಲಿ. ಅದು ಹೇಗೆಂಬುದನ್ನು ತಿಳಿಯಲು ವಾಕ್ಚಿತ್ರದ ಗುಟ್ಟನ್ನು ಸ್ವಲ್ಪ ಅರಿಯಬೇಕು. 35 ಮಿಲಿಮೀಟರ್ ಅಗಲದ ಚಿತ್ರಸುರುಳಿಯಲ್ಲಿ ಚಿತ್ರಗಳ ಪಕ್ಕಕ್ಕೆ ಒಂದು ಸಣ್ಣ ಪಟ್ಟಿಯಿರುತ್ತದೆ. ದನಿಯ ಏರಿಳಿತವೆಲ್ಲ ಅದರಲ್ಲಿ ಕಪ್ಪುಬಿಳುಪಿನ ನಕ್ಷೆಯಾಗಿ ಮೂಡಿರುತ್ತದೆ. ಕಿರುಸೀಳಿನಿಂದ ಬಂದ ಬೆಳಕು ಈ ಪಟ್ಟಿಯನ್ನು ಹಾದು, ಹೆಚ್ಚು ಕಡಿಮೆಯಾಗುತ್ತ ದ್ಯುತಿಕೋಶದ ಮೇಲೆ ಬೀಳುತ್ತದೆ. ಕೋಶವು ಆ ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ವಿದ್ಯುತ್ತು ಧ್ವನಿವರ್ಧಕದಲ್ಲಿ ದನಿಯಾಗುತ್ತದೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ಬಂದ ಕಾಲಕ್ಕೆ ಚಿತ್ರಮಂದಿರಗಳಲ್ಲಿ ದನಿ ಹುಟ್ಟುತ್ತಿದ್ದುದು ಈ ತತ್ತ್ವದಿಂದಲೇ. ರಷ್ಯದಲ್ಲಿ ಮಾಸ್ಕೋದ ತಾಗೆರ್, ಲೆನಿನ್‌ಗ್ರಾಡಿನ ಶೋರಿನ್ ಎಂಬಿಬ್ಬರು 1920ರ ದಶಕದ ಕೊನೆಯಲ್ಲಿ ಇದನ್ನು ಬೇರೆಬೇರೆಯಾಗಿ ಸಾಧಿಸಿದರು.

ಅಲ್ಲಿಯ ಮೊದಲ ವಾಕ್ಚಿತ್ರಗಳಲ್ಲೊಂದು ಸಿದ್ಧವಾಗುತ್ತಿದ್ದ 1929ರಲ್ಲಿ, ತೊಳೆದು ತಂದ ಸುರುಳಿಯ ಅಂಚಿನಲ್ಲಿ ಮೂಡಿದ್ದ ಬಳ್ಳಿಯಂಥ ವಿನ್ಯಾಸವನ್ನು ಅವ್ರಾಮೊವ್, ಶೋಲ್ಪೊ ಮತ್ತು ಚಿತ್ರಕಾರ ತ್ಸೆಖಾನೊವ್‌ಸ್ಕಿ ಮೂವರೂ ನೋಡುತ್ತಿದ್ದರು. ಆಗ ತ್ಸೆಖಾನೊವ್‌ಸ್ಕಿಗೆ ಒಂದು ಯೋಚನೆ ಹೊಳೆಯಿತು: ಈ ಪಟ್ಟಿಯಲ್ಲಿ ಪ್ರಾಚೀನ ಈಜಿಪ್ಟಿನವರದೋ ಗ್ರೀಕರದೋ ಅಲಂಕಾರ ವಿನ್ಯಾಸವನ್ನು ತುಂಬಿದರೆ, ಇದುವರೆಗೆ ಯಾರೂ ಕೇಳದ ಯಾವುದೋ ಪುರಾತನ ಸಂಗೀತ ಕೇಳಿಬಂದೀತೆ? ವಿನೋದದ ಮಾತಿನಂತೆ ತೋರಿದರೂ ಇದರ ಒಡಲಲ್ಲಿ ದೊಡ್ಡ ತತ್ತ್ವವೊಂದು ಅಡಗಿತ್ತು. ದನಿಯು ಗೆರೆಯಾಗುವುದಾದರೆ ಗೆರೆಯೂ ದನಿಯಾಗಲೇಬೇಕಲ್ಲವೆ?

ಲೆಕ್ಕ ಸರಳವಾದುದು. ಚಿತ್ರಸುರುಳಿ ಸೆಕೆಂಡಿಗೆ 456 ಮಿಲಿಮೀಟರ್ ಓಡುತ್ತದೆ. ಸೆಕೆಂಡಿಗೆ 440 ಕಂಪನಗಳ ಸ್ವರ ಬೇಕಾದರೆ ಒಂದು ಕಂಪನದ ಆಕೃತಿಗೆ ಸಿಗುವುದು ಸುಮಾರು ಒಂದು ಮಿಲಿಮೀಟರ್ ಜಾಗ. ಅಷ್ಟು ಚಿಕ್ಕದಾಗಿ ಕೈಯಿಂದ ಬರೆಯುವುದು ಆಗದ ಮಾತು. ಆದುದರಿಂದ ಅವ್ರಾಮೊವ್ ತ್ರಿಕೋನ, ಅರ್ಧವೃತ್ತ ಮೊದಲಾದ ರೇಖಾಕೃತಿಗಳನ್ನು ದೊಡ್ಡದಾಗಿ ಬರೆಸಿ, ವ್ಯಂಗ್ಯಚಿತ್ರ ತೆಗೆಯುವ ಕ್ಯಾಮರಾದಿಂದ ಕಿರಿದುಗೊಳಿಸಿ ಸುರುಳಿಗೆ ಇಳಿಸಿದನು. 1930ರಲ್ಲಿ ಈ ‘ಅಲಂಕಾರ ನಾದ’ವು ಮಾಸ್ಕೋದಲ್ಲಿ ಕೇಳಿಸಿತು. ಜರ್ಮನಿಯಲ್ಲಿ ಫಿಶಿಂಗರ್, ಫೆನಿಂಗರ್ ಎಂಬುವರು ತಾವಾಗಿಯೇ ಇದೇ ದಾರಿ ಹಿಡಿದು ಪ್ರಸಿದ್ಧರಾದುದು 1932ರಲ್ಲಿ. ಅವ್ರಾಮೊವ್‌ನ ಜೊತೆಗಾರನಾಗಿದ್ದ ನಿಕೊಲಾಯ್ ವೊಯ್ನೊವ್ ಬೇರೆಯಾಗಿ ನಿಂತು, ಬಾಚಣಿಗೆಯ ಹಲ್ಲುಗಳಂತೆ ಕಾಗದವನ್ನು ಕತ್ತರಿಸಿ ಸ್ವರಮಾಲೆಗಳನ್ನು ಮಾಡಿದನು. ರಾಖ್ಮಾನಿನೊವ್‌ನ ಕೃತಿಯೊಂದನ್ನೇ ಕತ್ತರಿಯಿಂದ ‘ನುಡಿಸಿ’ದನು.

ಇವರೆಲ್ಲರಲ್ಲಿ ಅತ್ಯಂತ ಸೂಕ್ಷ್ಮಮತಿಯೆಂದು ನನಗೆ ತೋರುವವನು ಯೆವ್‌ಗೆನಿ ಶೋಲ್ಪೊ. ವಾದಕನೇ ಬೇಡವಾದ ಯಂತ್ರವಾದ್ಯವೃಂದವೊಂದನ್ನು ಕಲ್ಪಿಸಿ, ‘ಸಂಗೀತದ ಶತ್ರು’ ಎಂಬ ಹೆಸರಿನ ಬರಹವನ್ನು ಆತ 1917ರ ಸುಮಾರಿಗೇ ಬರೆದಿದ್ದನು. ಲೆನಿನ್‌ಗ್ರಾಡಿನಲ್ಲಿ 1930ರಿಂದ ಆತ ಕಟ್ಟಿದ ‘ವೇರಿಯೋಫೋನ್’ ಯಂತ್ರದಲ್ಲಿ ಅಂಚನ್ನು ಅಲೆಯಲೆಯಾಗಿ ಕತ್ತರಿಸಿದ ಕಾಗದದ ಬಿಲ್ಲೆಗಳು ಚಿತ್ರಸುರುಳಿಯ ಗತಿಗೆ ಹೊಂದಿಕೊಂಡು ಬೆಳಕಿನ ಮುಂದೆ ತಿರುಗುತ್ತಿದ್ದುವು. ಅವುಗಳ ನೆರಳೇ ದನಿಯ ಪಟ್ಟಿಯಾಗುತ್ತಿತ್ತು. ಆದರೆ ಇದೇ ಶೋಲ್ಪೊ ಅದಕ್ಕೂ ಮೊದಲು ಹಲವು ವರ್ಷ ಪಿಯಾನೋ ವಾದಕರ ನುಡಿಸಾಣಿಕೆಯನ್ನು ಅಳೆಯುತ್ತ ಕುಳಿತಿದ್ದನು. ಒಳ್ಳೆಯ ವಾದಕನು ಕಾಲವನ್ನು ಗಡಿಯಾರದಂತೆ ಕತ್ತರಿಸುವುದಿಲ್ಲ. ಒಂದು ಸ್ವರದಲ್ಲಿ ಕೂದಲೆಳೆಯಷ್ಟು ತಡೆದು, ಮತ್ತೊಂದರಲ್ಲಿ ಅಷ್ಟೇ ಅವಸರಿಸುತ್ತಾನೆ. ಸಂಗೀತದ ಉಸಿರು ಇರುವುದು ಆ ತಡೆಯಲ್ಲಿ, ಆ ಅವಸರದಲ್ಲಿ. ತನ್ನ ಯಂತ್ರವು ಇವನ್ನೂ ನುಡಿಯಬೇಕೆಂದು ಶೋಲ್ಪೊ ಹಟತೊಟ್ಟನು. ವಾದಕನನ್ನು ಹೊರಗೆ ಕಳುಹಿಸಹೊರಟವನು ವಾದಕನ ಉಸಿರನ್ನು ಮಾತ್ರ ಕಳೆದುಕೊಳ್ಳಲು ಒಪ್ಪಲಿಲ್ಲ! ಅವ್ರಾಮೊವ್‌ನ ಬಳಗದಿಂದಲೇ ಬಂದ ಬೋರಿಸ್ ಯಾಂಕೊವ್‌ಸ್ಕಿಯೂ ಇದೇ ಬಗೆಯ ಅತೃಪ್ತಿಯಿಂದ ಹೊರಟವನು. ಅಲೆಯ ಆಕೃತಿಯೊಂದನ್ನೇ ಮತ್ತೆಮತ್ತೆ ಮುದ್ರಿಸಿದರೆ ಜೀವವಿಲ್ಲದ ದನಿ ಹುಟ್ಟುತ್ತದೆಂದೂ, ಸ್ವರವು ಹುಟ್ಟಿ ಬೆಳೆದು ಅಡಗುವ ಕ್ರಮವನ್ನೂ ಅದರೊಳಗಣ ಉಪಸ್ವರಗಳನ್ನೂ ವಿಶ್ಲೇಷಿಸಬೇಕೆಂದೂ ಆತ ಸಾರಿದನು. ಗಣಕಯಂತ್ರಗಳು ಬಂದಮೇಲೆ ಲೋಕವು ಕಂಡುಕೊಂಡ ದಾರಿಯೂ ಇದೇ.

ಇಷ್ಟೆಲ್ಲ ಸಾಧಿಸಿದವರ ಹೆಸರು ಏಕೆ ಅಳಿಸಿಹೋಯಿತು? ಕಾಲವು ತಿರುಗಿಕೊಂಡಿತು. 1932ರ ಕಮ್ಯುನಿಸ್ಟ್ ಪಕ್ಷದ ನಿರ್ಣಯವೊಂದು ಸ್ವತಂತ್ರ ಸಾಹಿತ್ಯ ಕಲಾ ಸಂಘಗಳನ್ನು ವಿಸರ್ಜಿಸಿತು. 1936ರಲ್ಲಿ ‘ಪ್ರಾವ್ದಾ’ ಪತ್ರಿಕೆ ಶೊಸ್ತಕೋವಿಚ್‌ನಂಥ ಪ್ರತಿಭಾಶಾಲಿಯ ಮೇಲೆಯೇ ಹರಿಹಾಯ್ದಿತು. ಪ್ರಯೋಗವೆಂಬುದು ಅನುಮಾನದ ವಸ್ತುವಾಯಿತು. ಅವ್ರಾಮೊವ್‌ನ ಚಿತ್ರಸುರುಳಿಗಳಿಗೆ ಒದಗಿದ ಗತಿ ಇನ್ನೂ ವಿಷಾದಕರ. ಆ ಕಾಲದ ನೈಟ್ರೇಟ್ ಸುರುಳಿ ಬಹುಬೇಗ ಹೊತ್ತಿಕೊಳ್ಳುವ ವಸ್ತು. ಮನೆಯಲ್ಲಿರಿಸಿದ್ದ ಅವುಗಳನ್ನು ಆತನ ಮಕ್ಕಳು ಆಟದ ಬಾಣಬಿರುಸುಗಳಿಗಾಗಿ ಸುಟ್ಟು ಮುಗಿಸಿದರು. ಪಿಯಾನೋಗಳನ್ನು ಸುಡಹೊರಟವನ ಸಂಗೀತವೇ ಬೆಂಕಿಗೆ ಆಹುತಿಯಾಯಿತು. ಶೋಲ್ಪೊನ ಯಂತ್ರವು ಲೆನಿನ್‌ಗ್ರಾಡ್ ಮುತ್ತಿಗೆಯ ವರ್ಷಗಳಲ್ಲಿ ನಾಶವಾಯಿತು. ತೆರ್ಮೆನ್ ಅಮೆರಿಕದಲ್ಲಿ ಹತ್ತು ವರ್ಷ ಮೆರೆದು 1938ರಲ್ಲಿ ಸ್ವದೇಶಕ್ಕೆ ಮರಳಿದನು. ಮರುವರ್ಷವೇ ಸೆರೆಯಾಗಿ ಕೊಲಿಮಾ ಶಿಬಿರವನ್ನು ಕಂಡನು. ಅನಂತರ ಕೈದಿ ವಿಜ್ಞಾನಿಗಳ ಪ್ರಯೋಗಶಾಲೆಯಲ್ಲಿ ಆತನಿಂದ ಮಾಡಿಸಿದುದು ವಾದ್ಯವನ್ನಲ್ಲ, ಕದ್ದಾಲಿಸುವ ಉಪಕರಣವನ್ನು. 1945ರಲ್ಲಿ ಅಮೆರಿಕದ ರಾಯಭಾರಿಗೆ ಉಡುಗೊರೆಯಾಗಿ ಕೊಟ್ಟ ಮರದ ಲಾಂಛನದೊಳಗೆ ಅಡಗಿದ್ದ ಅದು 1952ರವರೆಗೆ ಪತ್ತೆಯಾಗಲಿಲ್ಲ. ಹಾಡಲೆಂದು ಹುಟ್ಟಿದ ವಿದ್ಯೆ ಹೊಂಚುವ ಕಿವಿಯಾಯಿತು.

ಆದರೂ ಬೀಜವು ಕೆಡಲಿಲ್ಲ. 1939ರಲ್ಲಿ ಯಾಂಕೊವ್‌ಸ್ಕಿಯನ್ನು ಭೇಟಿಯಾದ ಯೆವ್‌ಗೆನಿ ಮುರ್ಜಿನ್ ಎಂಬ ತರುಣ ಎಂಜಿನಿಯರು ಅದನ್ನು ಎದೆಯಲ್ಲಿಟ್ಟುಕೊಂಡು, ಸೇನೆಯ ಉಪಕರಣಗಳ ಕೆಲಸದ ನಡುವೆ ಬಿಡುವು ಮಾಡಿಕೊಂಡು, 1950ರ ದಶಕದ ಕೊನೆಗೆ ಒಂದು ಯಂತ್ರವನ್ನು ಪೂರ್ತಿಗೊಳಿಸಿದನು. ಅಲೆಕ್ಸಾಂದರ್ ನಿಕೊಲಾಯೆವಿಚ್ ಸ್ಕ್ರಿಯಾಬಿನ್ ಎಂಬ ಸಂಗೀತಗಾರನ ಹೆಸರಿನ ಮೊದಲಕ್ಷರಗಳಿಂದ ಅದು ‘ಎ.ಎನ್.ಎಸ್.’ ಎನಿಸಿತು. ಅದರ ಐದು ಗಾಜಿನ ಬಿಲ್ಲೆಗಳಲ್ಲಿ ತಲಾ 144ರಂತೆ 720 ಶುದ್ಧ ಸ್ವರಗಳ ಗೆರೆಗಳಿವೆ. ಹತ್ತು ಸ್ಥಾಯಿಗಳು, ಸ್ಥಾಯಿಗೆ 72 ಸ್ವರಗಳು. 72 ಎಂದೊಡನೆ ನಮಗೆ ವೆಂಕಟಮಖಿಯ ಮೇಳಕರ್ತಗಳು ನೆನಪಾಗುವುದು ಸಹಜ. ಆದರೆ ಸಂಖ್ಯೆಯ ಹೊಂದಿಕೆಯಲ್ಲದೆ ಬೇರೆ ನಂಟಿಲ್ಲ. ಒಣಗದ ಕಪ್ಪು ಲೇಪವನ್ನು ಬಳಿದ ಗಾಜಿನ ಫಲಕದ ಮೇಲೆ ರಚನಕಾರನು ಕೆರೆದು ಬರೆಯುತ್ತಾನೆ. ಕೆರೆದಲ್ಲಿ ಬೆಳಕು ತೂರಿಬಂದು ದನಿಯಾಗುತ್ತದೆ. ಬೇಡವಾದರೆ ಲೇಪವನ್ನು ಮತ್ತೆ ಸವರಿ ತಿದ್ದಬಹುದು. ಷ್ನಿಟ್ಕೆ, ಗುಬೈದುಲಿನಾ ಮೊದಲಾದವರು ಅದರಲ್ಲಿ ಕೃತಿಗಳನ್ನು ರಚಿಸಿದರು. 1972ರ ತರ್ಕೋವ್‌ಸ್ಕಿಯ ‘ಸೊಲಾರಿಸ್’ ಚಿತ್ರಕ್ಕೆ ಅರ್ತೆಮ್ಯೆವ್ ನೀಡಿದ ಸಂಗೀತದಲ್ಲಿ ಅದರ ದನಿಯನ್ನು ಇಂದೂ ಕೇಳಬಹುದು.

ಮುರ್ಜಿನ್ 1970ರಲ್ಲಿ ತೀರಿಕೊಂಡನು. ಕೆಲವು ವರ್ಷಗಳಲ್ಲಿ ಅಲ್ಲಿಯ ಸಂಗೀತಶಾಲೆ ಮುಚ್ಚಿತು. ಯಂತ್ರವು ಗುಜರಿಯ ಪಾಲಾಗುವುದರಲ್ಲಿತ್ತು. ಅದರಲ್ಲಿ ಕೆಲಸಮಾಡಿದ್ದ ಸ್ತನಿಸ್ಲಾವ್ ಕ್ರೈಚಿ ಪಟ್ಟುಹಿಡಿದು ಅದನ್ನು ಮಾಸ್ಕೋ ವಿಶ್ವವಿದ್ಯಾಲಯದ ಕಟ್ಟಡವೊಂದಕ್ಕೆ ಸಾಗಿಸಿ, ದಶಕಗಳ ಕಾಲ ಕಾಪಾಡಿದನು. 2007ರಲ್ಲಿ ಅದು ಮಾಸ್ಕೋದ ಗ್ಲಿಂಕಾ ಸಂಗೀತ ವಸ್ತುಸಂಗ್ರಹಾಲಯವನ್ನು ಸೇರಿತು.

ನಾವು ಬರಹದ ಗುರುತನ್ನು ‘ಅಕ್ಷರ’ವೆನ್ನುತ್ತೇವೆ, ನಾಶವಿಲ್ಲದ್ದು ಎಂದು ಅದರ ಅರ್ಥ. ನಾದವನ್ನು ಅಕ್ಷರವಾಗಿಸಹೊರಟ ಅವ್ರಾಮೊವ್‌ನ ಗೆರೆಗಳು ಹೊಗೆಯಾದುವು. ಮುರ್ಜಿನ್‌ನ ಗೆರೆಗಳು ಉಳಿದುವು. ಎರಡಕ್ಕೂ ನಡುವೆ ಇದ್ದ ಅಂತರ ವಿಜ್ಞಾನದ್ದಲ್ಲ. ಕಾಯುವ ಒಬ್ಬ ಮನುಷ್ಯನದು. ತಾಳೆಗರಿಯ ಕಟ್ಟುಗಳನ್ನು ಅಟ್ಟದಿಂದಿಳಿಸಿ, ದೂಳು ಕೊಡವಿ, ಪ್ರತಿಮಾಡಿಟ್ಟವರಿಂದ ತನ್ನ ಹಳೆಯ ಕಾವ್ಯಗಳನ್ನು ಮರಳಿ ಪಡೆದ ನಾಡಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.