ರೆಪ್ಪೆಯ ಮೇಲೆ ನಿಂತ ಬಣ್ಣ

ಮೇ ತಿಂಗಳ ಮೊದಲ ವಾರದ ಉಡುಪಿಯಲ್ಲಿ ಸೂರ್ಯನಿಗಿಂತ ಮೊದಲೇ ಸೆಖೆ ಏಳುತ್ತದೆ. ಕಲ್ಯಾಣ ಮಂಟಪದ ಮಹಡಿಯ ಕೋಣೆಯಲ್ಲಿ ಎ.ಸಿ. ಏನೋ ಇತ್ತು, ಆದರೆ ಮದುವೆ ಮನೆಯಲ್ಲಿ ಬಾಗಿಲು ಮುಚ್ಚಿ ಕೂರುವುದುಂಟೇ? ಹೂವು ತಂದವರು, ಕಾಫಿ ತಂದವರು, ಸೇಫ್ಟಿಪಿನ್ನು ಕೇಳಿಕೊಂಡು ಬಂದವರು, ಸುಮ್ಮನೆ ಮದುಮಗಳ ಮುಖ ನೋಡಿ ಹೋಗಲು ಬಂದವರು. ಬಾಗಿಲು ತೆರೆದೇ ಇತ್ತು, ತಂಪೆಲ್ಲ ಹೊರಗೆ ಹೋಗುತ್ತಿತ್ತು. ಮೂಲೆಯ ಮೇಜಿನ ಮೇಲೆ ಬಾಳೆಲೆಯಲ್ಲಿ ಸುತ್ತಿಟ್ಟ ಮಲ್ಲಿಗೆಯ ಅಟ್ಟೆ. ಅದರ ಪಕ್ಕದಲ್ಲೇ ಬಾಯಿ ತೆರೆದು ಕೂತ ಬ್ಯೂಟಿಷಿಯನ್ ಪೆಟ್ಟಿಗೆ.

ಪೆಟ್ಟಿಗೆಯ ಮೇಲಿನ ಅಂತಸ್ತಿನಲ್ಲಿ ಎರಡು ಬಗೆಯ ಐಶ್ಯಾಡೋ. ಒಂದು ಪೌಡರಿನದು, ಕನ್ನಡಿ ಇರುವ ಚಪ್ಪಟೆ ಡಬ್ಬದಲ್ಲಿ ಸಾಲಾಗಿ ಒತ್ತಿಟ್ಟ ಬಣ್ಣಗಳು. ಇನ್ನೊಂದು ಕ್ರೀಮಿನದು, ಹೆಬ್ಬೆರಳ ಗಾತ್ರದ ಗಾಜಿನ ಕುಪ್ಪಿಗಳಲ್ಲಿ ತಾಮ್ರ, ಕಂಚು, ಗುಲಾಬಿ ಬೆರೆತ ಕಂದು. ಬ್ಯೂಟಿಷಿಯನ್ ಕೈ ತಾಮ್ರದ ಕುಪ್ಪಿಯ ಕಡೆ ಹೋದದ್ದನ್ನು ಮದುಮಗಳ ಚಿಕ್ಕಮ್ಮ ನೋಡಿಬಿಟ್ಟರು.

“ಕ್ರೀಮ್ ಬೇಡ ಮಾರಾಯ್ತಿ. ಈ ಸೆಖೆಗೆ ಧಾರೆ ಆಗುವಷ್ಟರಲ್ಲಿ ಎಲ್ಲ ಇಳಿದು ಬರ್ತದೆ.”

“ಇಳಿಯುವ ಕ್ರೀಮೂ ಉಂಟು, ಇಳಿಯದ ಕ್ರೀಮೂ ಉಂಟು ಅಕ್ಕಾ. ಮೊದಲು ನಿಮಗೇ ಹಚ್ಚಿ ತೋರಿಸ್ತೇನೆ, ಕೂತ್ಕೊಳ್ಳಿ.”

ಚಿಕ್ಕಮ್ಮನ ಅನುಮಾನ ಅವರೊಬ್ಬರದಲ್ಲ. ಕರಾವಳಿಯಲ್ಲಿ ಹುಟ್ಟಿ ಬೆಳೆದ ಹೆಂಗಸರಲ್ಲಿ ಹೆಚ್ಚಿನವರಿಗೆ ಕ್ರೀಮ್ ಐಶ್ಯಾಡೋ ಎಂದರೆ ಚಳಿ ದೇಶದವರ ಸಾಮಾನು. ನನಗೂ ಇದನ್ನು ಒಂದು ದಿನ ಪೂರ್ತಿ ಕೂತು ನೋಡಬೇಕೆಂಬ ಆಸೆ ಬಹಳ ಕಾಲದಿಂದ ಇತ್ತು. ಅಂಗಡಿಯ ತಂಪಿನಲ್ಲಿ ಟೆಸ್ಟರ್ ಡಬ್ಬಿಗೆ ಬೆರಳಿಟ್ಟು ಮುಂಗೈಗೆ ಸವರಿಕೊಂಡರೆ ಬಣ್ಣ ಮಾತ್ರ ಗೊತ್ತಾಗುತ್ತದೆ. ಮುಂಗೈ ಮಿಟುಕುವುದಿಲ್ಲ, ಅಳುವುದಿಲ್ಲ. ರೆಪ್ಪೆಯ ಚರ್ಮ ಒಂದು ಮಿಲಿಮೀಟರಿಗಿಂತಲೂ ತೆಳು. ನಿಮಿಷಕ್ಕೆ ಹದಿನೈದಿಪ್ಪತ್ತು ಸಲ, ಗಂಟೆಗೆ ಸಾವಿರದಷ್ಟು ಸಲ ಅದು ಮಡಚಿ ಬಿಚ್ಚಿಕೊಳ್ಳುತ್ತದೆ. ಅದರ ಮೇಲೆ ಬೆವರು, ಚರ್ಮದ ಸ್ವಂತ ಜಿಡ್ಡು, ಹೋಮದ ಹೊಗೆ, ಧಾರೆಯ ಹೊತ್ತಿನ ಕಣ್ಣೀರು. ಬಣ್ಣಕ್ಕೆ ಪರೀಕ್ಷೆ ಎಂದರೆ ಇದು.

ಚಿಕ್ಕಮ್ಮ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರು. ಬ್ಯೂಟಿಷಿಯನ್ ಕುಪ್ಪಿಗೆ ಬೆರಳು ಹಾಕಲಿಲ್ಲ. ಪುಟ್ಟ ಸ್ಟೀಲ್ ಚಮಚದ ತುದಿಯಿಂದ ಸಾಸಿವೆ ಕಾಳಿನಷ್ಟು ಕ್ರೀಮ್ ತೆಗೆದು ತನ್ನ ಎಡ ಮುಂಗೈ ಮೇಲಿಟ್ಟುಕೊಂಡಳು. ಉಂಗುರದ ಬೆರಳಿನಿಂದ ಅದನ್ನು ಒಮ್ಮೆ ತಿರುವಿ ಮೆತ್ತಗಾಗಿಸಿ, ರೆಪ್ಪೆಯ ನಡುವಿಗೆ ತಟ್ಟಿದಳು. ಎಳೆಯಲಿಲ್ಲ, ತಟ್ಟಿದ್ದು ಮಾತ್ರ. ಬಣ್ಣ ನಡುವಿನಿಂದ ಅಂಚಿಗೆ ಹೋದಂತೆ ತೆಳುವಾಗುತ್ತ ಬಂತು. ಅಂಚನ್ನು ಒಣ ಬ್ರಶ್ಶಿನಿಂದ ಕರಗಿಸಿದಳು. “ಈಗ ಕಣ್ಣು ತೆರೀಬೇಡಿ ಅಕ್ಕಾ, ಅರ್ಧ ನಿಮಿಷ.” ಆ ಅರ್ಧ ನಿಮಿಷ ಕಾಯುವ ತಾಳ್ಮೆಯಲ್ಲೇ ಅರ್ಧ ಗೆಲುವಿದೆ ಎಂಬುದು ನನಗೆ ಮಧ್ಯಾಹ್ನ ಅರ್ಥವಾಯಿತು. ಕೊನೆಗೆ ಕೂದಲೆಳೆಯಷ್ಟು ತೆಳುವಾಗಿ, ರೆಪ್ಪೆ ಮಡಚುವ ಗೆರೆಯ ಮೇಲೆ ಮಾತ್ರ, ಪೌಡರ್ ಒತ್ತಿದಳು.

ಮದುಮಗಳಿಗೂ ಅದೇ ತಾಮ್ರ. ಅವಳ ಗೆಳತಿ ತನಗೆ ಪೌಡರೇ ಸಾಕೆಂದಳು. ಕಾಲೇಜಿಗೆ ಹೋಗುವ ತಂಗಿಯೊಬ್ಬಳು ತನ್ನದೇ ಚೀಲದಿಂದ ಹೊಳೆಯುವ ನೀಲಿ ಕ್ರೀಮಿನ ಕಡ್ಡಿ ತೆಗೆದು, ಕನ್ನಡಿಯ ಮುಂದೆ ನಿಂತು, ಎರಡೂ ರೆಪ್ಪೆಗೆ ಗೀಚಿಕೊಂಡು ಕೆಳಗೆ ಓಡಿದಳು. ನೋಡಲು ಆ ಹೊತ್ತಿಗೆ ಎಲ್ಲರಿಗಿಂತ ಅವಳ ಕಣ್ಣೇ ಚೆಂದ.

ಮಂಟಪದಲ್ಲಿ ಹೋಮದ ಹೊಗೆ ಸುತ್ತಿತು. ವಿಡಿಯೊದವರ ದೀಪದ ಬಿಸಿ ಬೇರೆ. ಧಾರೆಯ ನೀರು ಬೀಳುವಾಗ ಮದುಮಗಳು ಅತ್ತಳು, ಅವಳಮ್ಮ ಅತ್ತರು, ಚಿಕ್ಕಮ್ಮನಂತೂ ಸೆರಗಿನಿಂದ ಕಣ್ಣೊತ್ತಿಕೊಂಡದ್ದೇ ಒತ್ತಿಕೊಂಡದ್ದು.

ಊಟ ಮುಗಿದ ಮೇಲೆ ಮಂಟಪದ ಪಡಸಾಲೆಯ ಬೆಳಕಿನಲ್ಲಿ ನಾಲ್ವರ ರೆಪ್ಪೆಗಳನ್ನೂ ಹತ್ತಿರದಿಂದ ನೋಡಿದೆ. ತಂಗಿಯ ನೀಲಿ ರೆಪ್ಪೆಯನ್ನು ಬಿಟ್ಟು ಮಡಿಕೆಗೆ ಸೇರಿಕೊಂಡಿತ್ತು. ಕಾಯಿಸಿದ ಹಾಲಿನ ಕೆನೆ ಚಮಚ ತಾಗಿದ ಕೂಡಲೇ ಸುಕ್ಕುಗಟ್ಟಿ ಒಂದು ಬದಿಗೆ ಸರಿಯುತ್ತದಲ್ಲ, ಹಾಗೆ. ರೆಪ್ಪೆ ಬೋಳು, ಮಡಿಕೆಯಲ್ಲಿ ದಪ್ಪ ನೀಲಿ ಗೆರೆ. ಗೆಳತಿಯ ಪೌಡರ್ ಮಾಸಿತ್ತು. ಅದರ ಅಭ್ರಕದ ಹೊಳಪು ಉದುರಿ ಕಣ್ಣಿನ ಕೆಳಗೆ, ಕೆನ್ನೆಯ ಮೇಲೆ ಮಿನುಗುತ್ತಿತ್ತು. ಮದುಮಗಳ ತಾಮ್ರ ಕೂರಿಸಿದಲ್ಲೇ ಇತ್ತು. ಮೂಗಿನ ಕಡೆಯ ಮೂಲೆಯಲ್ಲಿ ಕಣ್ಣೀರು ಹರಿದ ಜಾಗ ಸ್ವಲ್ಪ ತೆಳುವಾಗಿದ್ದುದು ಬಿಟ್ಟರೆ ಬೆಳಗಿನ ಬಣ್ಣವೇ.

ನನ್ನ ಕಣ್ಣು ನಿಂತದ್ದು ಚಿಕ್ಕಮ್ಮನ ಮುಖದ ಮೇಲೆ. ಐವತ್ತು ದಾಟಿದ ರೆಪ್ಪೆಯ ಚರ್ಮ ಸಡಿಲ, ಒಣಕಲು. ಅದರ ಮೇಲೆ ಪೌಡರ್ ಹಾಕಿದರೆ ಸಣ್ಣ ಸಣ್ಣ ನೆರಿಗೆಗಳಲ್ಲಿ ಕೂತು ಒಂದೊಂದನ್ನೂ ಎತ್ತಿ ತೋರಿಸುತ್ತದೆ. ತೆಳುವಾಗಿ ತಟ್ಟಿದ ಕ್ರೀಮು ಚರ್ಮಕ್ಕೆ ಅಂಟಿಕೊಂಡು ಹಾಗೇ ನಿಂತಿತ್ತು. ಮೇಕಪ್ಪಿನ ಅಂಗಡಿಗಳು ಕ್ರೀಮನ್ನು ಹದಿಹರೆಯದ ಹುಡುಗಿಯರಿಗೆ ತೋರಿಸಿ ಮಾರುತ್ತವೆ. ಅದರ ನಿಜವಾದ ಫಲ ಕಾಣುವುದು ಅವರ ಅಮ್ಮಂದಿರ ಮುಖದಲ್ಲಿ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಬಣ್ಣದ ಗುಣದಲ್ಲೂ ಕ್ರೀಮೇ ಮೇಲು. ನಮ್ಮ ಗೋಧಿ ಬಣ್ಣದ, ಎಣ್ಣೆಗೆಂಪಿನ, ಕಪ್ಪು ಚರ್ಮದ ಮೇಲೆ ಅಗ್ಗದ ಪೌಡರ್ ಐಶ್ಯಾಡೋ ಬೂದಿ ಬಳಿದಂತೆ ಕಾಣುವುದು ಸುಮ್ಮನೆ ಅಲ್ಲ. ಪೌಡರಿನಲ್ಲಿ ಬಣ್ಣಕ್ಕಿಂತ ಟಾಲ್ಕ್, ಅಭ್ರಕದ ಪಾಲೇ ಹೆಚ್ಚಿರುತ್ತದೆ. ಒಣ ಕಣಗಳು ಬೆಳಕನ್ನು ಚದುರಿಸಿ ಬಣ್ಣವನ್ನು ಬಿಳಿಚಿಸುತ್ತವೆ. ಅದೇ ಕಣ ಜಿಡ್ಡಿನಲ್ಲಿ ನೆನೆದರೆ ಬಣ್ಣ ಗಾಢವಾಗುತ್ತದೆ. ತಾಮ್ರ, ಕಂದು, ಇಟ್ಟಿಗೆ ಕೆಂಪುಗಳಿಗೆ ಬಣ್ಣ ಕೊಡುವುದು ಐರನ್ ಆಕ್ಸೈಡ್. ನಮ್ಮ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲಕ್ಕೂ ಕೆಮ್ಮಣ್ಣಿಗೂ ಕೆಂಪು ಬಂದದ್ದು ಅದರಿಂದಲೇ. ಈ ಮಣ್ಣಿನ ಬಣ್ಣಗಳು ನಮ್ಮ ಚರ್ಮದ ಮೇಲೆ ಎಷ್ಟು ಹೊಂದುತ್ತವೆಂದರೆ, ಬೆರಳಲ್ಲಿ ತಟ್ಟಿದ ತಾಮ್ರ ಎಲ್ಲಿ ಮುಗಿಯಿತು, ರೆಪ್ಪೆ ಎಲ್ಲಿ ಶುರುವಾಯಿತು ಎಂದು ಚಿಕ್ಕಮ್ಮನ ಮುಖದಲ್ಲಿ ಹುಡುಕಬೇಕಾಗಿತ್ತು.

ಹಾಗಾದರೆ ತಂಗಿಯ ನೀಲಿ ಕರಗಿದ್ದೇಕೆ, ಅಕ್ಕನ ತಾಮ್ರ ನಿಂತದ್ದೇಕೆ? ಎರಡರ ರಟ್ಟಿನ ಪೆಟ್ಟಿಗೆಗಳನ್ನೂ ತರಿಸಿ, ಹಿಂಬದಿಯ ಇರುವೆಯಂಥ ಅಕ್ಷರಗಳನ್ನು ಓದಿದೆವು. ಪೆಟ್ಟಿಗೆಯ ಪಟ್ಟಿಯಲ್ಲಿ ಯಾವುದು ಹೆಚ್ಚಿದೆಯೋ ಅದರ ಹೆಸರು ಮೊದಲು ಬರುತ್ತದೆ. ನೀಲಿ ಕಡ್ಡಿಯ ಪಟ್ಟಿ ಹರಳೆಣ್ಣೆ, ಮಿನರಲ್ ಆಯಿಲ್, ಮೇಣಗಳಿಂದ ಶುರುವಾಗಿತ್ತು. ಇವು ಎಂದಿಗೂ ಒಣಗುವವಲ್ಲ. ಹಚ್ಚಿದ ಹೊತ್ತಿಗೆ ಎಷ್ಟು ಮೆತ್ತಗಿದ್ದವೋ ಮಧ್ಯಾಹ್ನಕ್ಕೂ ಅಷ್ಟೇ ಮೆತ್ತಗೆ, ಮೈಯ ಬಿಸಿಗೆ ಇನ್ನಷ್ಟು ಮೆತ್ತಗೆ. ತಾಮ್ರದ ಕುಪ್ಪಿಯ ಪಟ್ಟಿಯಲ್ಲಿ ಮೊದಲ ಹೆಸರು ಐಸೊಡೊಡೆಕೇನ್. ಇದು ಬೇಗ ಆವಿಯಾಗುವ ದ್ರವ. ರೆಪ್ಪೆಗೆ ತಟ್ಟಿದ ಸ್ವಲ್ಪ ಹೊತ್ತಿನಲ್ಲೇ ಅದು ಗಾಳಿಗೆ ಹೋಗಿ, ಜೊತೆಗಿದ್ದ ಸಿಲಿಕೋನ್ ಅಂಟು ಬಣ್ಣವನ್ನು ಹಿಡಿದುಕೊಂಡು ತೆಳುವಾದ ಪೊರೆಯಾಗಿ ಉಳಿಯುತ್ತದೆ. ಆ ಪೊರೆ ಬೆವರಿಗೂ ನೀರಿಗೂ ಜಗ್ಗುವುದಿಲ್ಲ. ಕಣ್ಣು ತೆರೀಬೇಡಿ ಎಂದದ್ದು ಅದಕ್ಕೇ: ಆವಿಯಾಗುವ ಮೊದಲೇ ರೆಪ್ಪೆ ಮಡಚಿದರೆ ಒಳ್ಳೆಯ ಕ್ರೀಮಿನಲ್ಲೂ ಗೆರೆ ಬಿದ್ದೇ ಬೀಳುತ್ತದೆ. ದಪ್ಪ ಹಚ್ಚಿದರೂ ಅಷ್ಟೇ; ಮೇಲೆ ಒಣಗಿ ಒಳಗೆ ಹಸಿ ಉಳಿಯುತ್ತದೆ.

ಸಂಜೆ ಹತ್ತಿರದ ಬಯಲಿನಲ್ಲಿ ಹರಕೆಯ ಯಕ್ಷಗಾನ ಆಟವಿತ್ತು. ತಿರುಗಾಟ ಮುಗಿಯುವ ಪತ್ತನಾಜೆಗೆ ಇನ್ನೂ ಕೆಲವು ವಾರ ಇದ್ದುದರಿಂದ ಮೇಳಗಳು ತಿರುಗಾಟದಲ್ಲೇ ಇದ್ದವು. ಬೆಳಗಿನಿಂದ ತಲೆಯಲ್ಲಿ ಬಣ್ಣವೇ ತುಂಬಿದ್ದ ನಾನು ರಂಗಸ್ಥಳಕ್ಕೆ ಹೋಗುವ ಬದಲು ಕಲಾವಿದರು ವೇಷ ಕಟ್ಟುವ ಚೌಕಿಗೆ ಹೋಗಿ ಕೂತೆ. ಉದ್ದಕ್ಕೆ ಹಾಸಿದ ಚಾಪೆಗಳ ಮೇಲೆ ಎರಡು ಸಾಲು ಕಲಾವಿದರು, ಪ್ರತಿಯೊಬ್ಬರ ಮುಂದೆ ಒಂದು ಪೆಟ್ಟಿಗೆ, ಅದಕ್ಕೊರಗಿದ ಕನ್ನಡಿ. ಇಲ್ಲಿ ಮೇಕಪ್ ಮಾಡುವವರು ಬೇರೆ ಇಲ್ಲ; ಅವರವರ ಮುಖ ಅವರವರ ಕೈಯಲ್ಲೇ. ಬಿಳಿಯ ಸಫೇತ, ಹಳದಿಯ ಅರದಾಳ, ಕೆಂಪಿನ ಇಂಗಳೀಕ, ಕಾಡಿಗೆ ಇವು ಹಿಂದಿನವರ ಬಣ್ಣಗಳು. ಅರದಾಳದಲ್ಲಿ ಆರ್ಸೆನಿಕ್, ಇಂಗಳೀಕದಲ್ಲಿ ಪಾದರಸ ಇರುವುದರಿಂದ ಸಿದ್ಧ ಬಣ್ಣಗಳಿಗೆ ಹೊರಳಿದ್ದು ಒಳ್ಳೆಯದೇ ಆಯಿತು. ಆದರೆ ಬಣ್ಣ ಕಲಸುವ ಕ್ರಮ ಹಳೆಯದೇ: ಅಂಗೈಗೆ ಒಂದಿಷ್ಟು ಪುಡಿ, ಅದರ ಮೇಲೆ ಕೊಬ್ಬರಿ ಎಣ್ಣೆಯ ಹನಿ.

ಹಿರಿಯ ವೇಷಧಾರಿಯೊಬ್ಬರು ರೆಪ್ಪೆಯ ಮೇಲೆ ಕೆಂಪು ಎಳೆಯುತ್ತಿದ್ದರು. ರಾತ್ರಿಯಿಡೀ ಕುಣಿದರೂ ಇದು ನಿಲ್ಲುತ್ತದಾ ಎಂದು ಕೇಳಿದೆ.

“ಎಣ್ಣೆ ಹೆಚ್ಚಾದ್ರೆ ಜಾರ್ತದೆ, ಕಡಿಮೆಯಾದ್ರೆ ಬಿರಿತದೆ. ಹದ ನೋಡಿ ತೆಳು ಹಚ್ಚಬೇಕು, ಮೇಲೆ ಪೌಡರ್ ಒತ್ತಬೇಕು. ಅಷ್ಟೇ,” ಎಂದವರೇ ಪೌಡರಿನ ಬಟ್ಟೆಗಂಟನ್ನು ಮುಖದ ತುಂಬ ಒತ್ತಿಕೊಂಡರು. ಬಿಳಿ ದೂಳು ಎದ್ದಿತು. ಕೊಡವಿಕೊಂಡ ಮೇಲೆ ಕೆಂಪು ಮೊದಲಿಗಿಂತ ಗಟ್ಟಿಯಾಗಿ ಕಂಡಿತು.

ಬೆಳಿಗ್ಗೆ ಮಹಡಿಯ ಕೋಣೆಯಲ್ಲಿ ನಡೆದದ್ದೂ ಇದೇ ಅಲ್ಲವೇ? ಜಿಡ್ಡು ಬಣ್ಣವನ್ನು ಹೊತ್ತು ತರುತ್ತದೆ, ಪೌಡರ್ ಅದನ್ನು ಕಟ್ಟಿಹಾಕುತ್ತದೆ. ಪಶ್ಚಿಮದ ರಂಗಭೂಮಿಯೂ ಇದೇ ದಾರಿಯಲ್ಲಿ ಬಂದದ್ದು. ಲುಡ್ವಿಗ್ ಲೈಖ್ನರ್ ಎಂಬ ಅಪೆರಾ ಗಾಯಕ 1873ರಲ್ಲಿ ಬರ್ಲಿನ್‌ನಲ್ಲಿ ಕೊಬ್ಬು ಬೆರೆಸಿದ ಬಣ್ಣದ ಕಡ್ಡಿಗಳ ಕಂಪನಿ ತೆರೆದ. ನಾಟಕಕ್ಕೆ ಅದು ಚೆನ್ನಾಗಿಯೇ ಇತ್ತು. ಸಿನಿಮಾ ಬಂದು ಕ್ಯಾಮೆರಾ ಮುಖದ ಹತ್ತಿರ ಬಂದಾಗ ದಪ್ಪ ಬಣ್ಣ ಬಿರಿಯುವುದು ಎದ್ದು ಕಂಡಿತು. 1914ರಲ್ಲಿ ಮ್ಯಾಕ್ಸ್ ಫ್ಯಾಕ್ಟರ್ ಅದನ್ನೇ ತೆಳುವಾದ ಕ್ರೀಮ್ ಮಾಡಿ ಸಿನಿಮಾ ನಟರಿಗೆ ಕೊಟ್ಟ. ನಮ್ಮ ಅಜ್ಜಿಯಂದಿರು ಹರಳೆಣ್ಣೆ ದೀಪದ ಮಸಿ ಹಿಡಿದು, ತುಪ್ಪದಲ್ಲಿ ಮಸೆದು ಕಾಡಿಗೆ ಮಾಡುತ್ತಿದ್ದರು. ಕಣ್ಣಿಗೆ ಜಿಡ್ಡಿನ ಬಣ್ಣ ಹಚ್ಚುವುದು ನಮಗೇನೂ ಹೊಸತಲ್ಲ. ಕಾಡಿಗೆ ಹರಡದಂತೆ ಕಣ್ಣಿನ ಕೆಳಗೆ ಪೌಡರ್ ಒತ್ತಿಕೊಳ್ಳುವ ಅಭ್ಯಾಸ ಇರುವ ಯಾವ ಹೆಂಗಸಿಗೂ ಕ್ರೀಮ್ ಐಶ್ಯಾಡೋ ಅರ್ಧ ಗೊತ್ತಿರುವ ವಿದ್ಯೆಯೇ.

ಹಾಗಾಗಿ ಕರಾವಳಿಗೆ ಕ್ರೀಮ್ ಆಗದು ಎಂಬ ಮಾತನ್ನು ನಾನು ಇನ್ನು ಒಪ್ಪುವುದಿಲ್ಲ. ಒಣಗಿ ಕೂರುವ ಬಗೆಯ ಕ್ರೀಮಾದರೆ ಹಚ್ಚಬಹುದು, ಹಚ್ಚಲೇಬೇಕು ಎನ್ನುವಷ್ಟು ನನಗೆ ಮೆಚ್ಚಿಗೆಯಾಗಿದೆ. ಆಫೀಸಿಗೆ ಹೊರಟ ಬೆಳಿಗ್ಗೆ ಬ್ರಶ್ಶು ಹುಡುಕುವ ಕೆಲಸವಿಲ್ಲ, ಒಂದು ಬೆರಳು ಸಾಕು. ಒಣಗದ ಎಣ್ಣೆಯ ಕಡ್ಡಿಗೆ ಮಾತ್ರ ನಮ್ಮ ಮೇ ತಿಂಗಳಲ್ಲಿ ಜಾಗವಿಲ್ಲ. ರೆಪ್ಪೆ ಬಹಳ ಜಿಡ್ಡಾಗುವವರು ಮೊದಲು ಟಿಶ್ಯೂವಿನಿಂದ ಒತ್ತಿ ಜಿಡ್ಡು ತೆಗೆದುಕೊಂಡು ಶುರು ಮಾಡಲಿ. ಮಡಿಕೆಯ ಮೇಲಿನ ಪೌಡರನ್ನಂತೂ ಬಿಡುವ ಹಾಗಿಲ್ಲ.

ಎರಡು ಎಚ್ಚರಿಕೆ ಹೇಳಲೇಬೇಕು. ಒಬ್ಬರ ಕಣ್ಣಿಗೆ ಹಚ್ಚಿದ ಬೆರಳನ್ನು ಮತ್ತೆ ಕುಪ್ಪಿಗೆ ಹಾಕಿದರೆ ಕೆಂಗಣ್ಣಿನ ಸೋಂಕು ಮನೆಮಂದಿಗೆಲ್ಲ ಹರಡಲು ಅಷ್ಟು ಸಾಕು. ಪಾರ್ಲರಿನಲ್ಲಿ ಚಮಚ ಬಳಸಿ ಎಂದು ಬಾಯಿಬಿಟ್ಟು ಕೇಳಿ, ಅದರಲ್ಲಿ ಸಂಕೋಚಪಡುವಂಥದ್ದೇನಿಲ್ಲ. ಕುಪ್ಪಿಯ ತಳದಲ್ಲಿ ಮುಚ್ಚಳ ತೆರೆದ ಡಬ್ಬಿಯ ಚಿತ್ರದೊಳಗೆ 6 ಅಥವಾ 12 ಎಂಬ ಸಂಖ್ಯೆ ಇದ್ದರೆ, ತೆರೆದ ಮೇಲೆ ಅಷ್ಟೇ ತಿಂಗಳು ಅದರ ಆಯುಷ್ಯ. ವಾಸನೆ ಬದಲಾದರೆ ಅದಕ್ಕೂ ಮೊದಲೇ ಎಸೆಯಿರಿ.

ತೆಗೆಯುವ ವಿಷಯಕ್ಕೆ ಬಂದರೆ, ಆ ರಾತ್ರಿ ಚಿಕ್ಕಮ್ಮ ಸೋಪು ಹಾಕಿ ಉಜ್ಜಿದರೂ ತಾಮ್ರ ಬಿಡಲಿಲ್ಲ. ನೀರಿಗೆ ಜಗ್ಗದ ಪೊರೆ ಸೋಪಿಗೆ ಸುಲಭವಾಗಿ ಹೋಗುವುದಿಲ್ಲ. ಅದಕ್ಕೆ ಎಣ್ಣೆಯೇ ಬೇಕು. ಹತ್ತಿಗೆ ಕೊಬ್ಬರಿ ಎಣ್ಣೆ ಮುಟ್ಟಿಸಿ, ಮುಚ್ಚಿದ ರೆಪ್ಪೆಯ ಮೇಲೆ ತುಸು ಹೊತ್ತು ಸುಮ್ಮನೆ ಇಟ್ಟು, ಆಮೇಲೆ ಮೇಲಿನಿಂದ ಕೆಳಗೆ ಒಂದೇ ಸಲ ಒರೆಸಿ. ಉಜ್ಜಬೇಡಿ. ಚಿಕ್ಕಮ್ಮನಿಗೆ ಹಾಗೇ ಮಾಡಿಕೊಟ್ಟೆ. ಹತ್ತಿಯಲ್ಲಿ ಬಂದ ಬಣ್ಣವನ್ನು ದೀಪಕ್ಕೆ ಹಿಡಿದು ನೋಡಿ ಅವರು ಕೇಳಿದ್ದು ಒಂದೇ: “ಆ ಕುಪ್ಪಿ ಎಲ್ಲಿ ಸಿಗ್ತದಂತೆ ಕೇಳಿದೆಯಾ?”