ರಾಜನ ಮುಂದೆ ತಲೆಬಾಗಬೇಕೇ? ಮುಜುರೆ, ಅಡ್ಡಬೀಳುವ ಪದ್ಧತಿಗೆ ಇಂದಿಗೂ ಅರ್ಥವಿದೆಯೇ?

ಅದು 1911ರ ಡಿಸೆಂಬರ್ 12. ದೆಹಲಿಯಲ್ಲಿ ಬ್ರಿಟಿಷ್ ಚಕ್ರವರ್ತಿ ಐದನೇ ಜಾರ್ಜ್ ಅವರ ದರ್ಬಾರು. ದೇಶದ ಮೂಲೆಮೂಲೆಯಿಂದ ಬಂದಿದ್ದ ಸಂಸ್ಥಾನಗಳ ಅರಸರು ಒಬ್ಬೊಬ್ಬರಾಗಿ ಸಿಂಹಾಸನದ ಮುಂದೆ ಹೋಗಿ, ಮೂರು ಬಾರಿ ತಲೆಬಾಗಿ, ಚಕ್ರವರ್ತಿಗೆ ಬೆನ್ನು ತೋರಿಸದೆ ಹಿಂದಕ್ಕೆ ಹೆಜ್ಜೆ ಇಡುತ್ತಾ ಮರಳಬೇಕಿತ್ತು. ಬರೋಡಾದ ಮಹಾರಾಜ ಮೂರನೇ ಸಯಾಜಿರಾವ್ ಗಾಯಕವಾಡ್ ಒಮ್ಮೆ ಮಾತ್ರ ತಲೆಬಾಗಿಸಿ, ಬೆನ್ನು ತಿರುಗಿಸಿ ನಡೆದುಬಿಟ್ಟರು.

ಅಷ್ಟಕ್ಕೇ ದೊಡ್ಡ ಗದ್ದಲವಾಯಿತು. ಬ್ರಿಟಿಷ್ ಪತ್ರಿಕೆಗಳು ಇದನ್ನು ಸಾಮ್ರಾಜ್ಯಕ್ಕೆ ಮಾಡಿದ ಅವಮಾನ ಎಂದು ಬರೆದವು. ಆ ದೃಶ್ಯದ ಚಲನಚಿತ್ರ ಲಂಡನ್ನಿನ ಚಿತ್ರಮಂದಿರಗಳಲ್ಲೂ ಪ್ರದರ್ಶನ ಕಂಡಿತು. ಕೊನೆಗೆ 21 ತೋಪುಗಳ ಗೌರವಕ್ಕೆ ಪಾತ್ರರಾಗಿದ್ದ ಅರಸರೇ ವೈಸರಾಯ್ ಲಾರ್ಡ್ ಹಾರ್ಡಿಂಜ್ ಅವರಿಗೆ ಕ್ಷಮಾಪಣೆ ಪತ್ರ ಬರೆಯಬೇಕಾಯಿತು. ಅದು ಬೇಕೆಂದೇ ಮಾಡಿದ ಪ್ರತಿಭಟನೆಯೋ, ಗಡಿಬಿಡಿಯಲ್ಲಾದ ತಪ್ಪೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ.

ಈ ಘಟನೆ ನಡೆದು ನೂರಕ್ಕೂ ಹೆಚ್ಚು ವರ್ಷಗಳಾದವು. ಜಗತ್ತಿನ ಹಲವು ದೇಶಗಳಲ್ಲಿ ರಾಜರು ಈಗಲೂ ಇದ್ದಾರೆ. ಅವರ ಮುಂದೆ ತಲೆಬಾಗುವ, ಮಂಡಿಯೂರುವ, ಅಡ್ಡಬೀಳುವ ಪದ್ಧತಿಗಳೂ ಇವೆ. ಹಾಗಾದರೆ ಪ್ರಜಾಪ್ರಭುತ್ವದ ಈ ಕಾಲದಲ್ಲಿ ಅವುಗಳಿಗೆ ಅರ್ಥವಿದೆಯೇ?

ಲಂಡನ್: ಕಡ್ಡಾಯವಲ್ಲ, ಆದರೂ ಬಾಗುತ್ತಾರೆ

ಬ್ರಿಟನ್ನಿನಲ್ಲಿ ರಾಜರನ್ನು ಭೇಟಿಯಾದಾಗ ಗಂಡಸರು ಸೊಂಟ ಬಗ್ಗಿಸದೆ ತಲೆಯನ್ನಷ್ಟೇ ತುಸು ಬಾಗಿಸುತ್ತಾರೆ. ಹೆಂಗಸರು ಒಂದು ಕಾಲನ್ನು ಹಿಂದಕ್ಕಿಟ್ಟು ಮೊಣಕಾಲನ್ನು ಸ್ವಲ್ಪ ಬಗ್ಗಿಸುತ್ತಾರೆ. ಇದನ್ನೇ 'ಕರ್ಟ್ಸಿ' ಎನ್ನುವುದು. ಆದರೆ ಇದ್ಯಾವುದೂ ಕಡ್ಡಾಯವಲ್ಲ. ಇಷ್ಟವಿದ್ದವರು ಹಳೆಯ ಪದ್ಧತಿ ಪಾಲಿಸಬಹುದು, ಕೈ ಕುಲುಕಿದರೂ ಸಾಕು ಎಂಬುದು ಅಲ್ಲಿನ ಅರಮನೆಯದ್ದೇ ನಿಲುವು.

ಈ ಸಡಿಲಿಕೆ ಒಂದೇ ದಿನದಲ್ಲಿ ಬಂದದ್ದಲ್ಲ. 1992ರಲ್ಲಿ ರಾಣಿ ಎರಡನೇ ಎಲಿಜಬೆತ್ ಆಸ್ಟ್ರೇಲಿಯಾಕ್ಕೆ ಹೋದಾಗ ಪ್ರಧಾನಿ ಪಾಲ್ ಕೀಟಿಂಗ್ ಅವರ ಪತ್ನಿ ಕರ್ಟ್ಸಿ ಮಾಡದಿದ್ದುದು ಸುದ್ದಿಯಾಗಿತ್ತು. 2011ರಲ್ಲಿ ಅದೇ ದೇಶದ ಪ್ರಧಾನಿ ಜೂಲಿಯಾ ಗಿಲಾರ್ಡ್ ಮೊಣಕಾಲು ಬಗ್ಗಿಸದೆ ತಲೆಬಾಗಿ ಕೈ ಕುಲುಕಿದರು. ಟೀಕೆ ಬಂತು, ಸಮರ್ಥನೆಯೂ ಬಂತು. ಆದರೆ ಯಾರೂ ಕ್ಷಮಾಪಣೆ ಪತ್ರ ಬರೆಯಬೇಕಾಗಲಿಲ್ಲ.

2023ರ ಮೇ 6ರಂದು ನಡೆದ ಮೂರನೇ ಚಾರ್ಲ್ಸ್ ಅವರ ಪಟ್ಟಾಭಿಷೇಕದಲ್ಲಿ ಈ ಬದಲಾವಣೆ ಇನ್ನಷ್ಟು ಸ್ಪಷ್ಟವಾಯಿತು. ಹಿಂದೆಲ್ಲ ಶ್ರೀಮಂತ ಮನೆತನಗಳ ಹಿರಿಯರು ಹೊಸ ರಾಜನ ಮುಂದೆ ಮಂಡಿಯೂರಿ ನಿಷ್ಠೆಯ ಪ್ರಮಾಣ ಮಾಡುತ್ತಿದ್ದರು. ಈ ಬಾರಿ ಅದನ್ನು ಕೈಬಿಡಲಾಯಿತು. ರಾಜಮನೆತನದ ಪರವಾಗಿ ಯುವರಾಜ ವಿಲಿಯಂ ಒಬ್ಬರೇ ತಂದೆಯ ಮುಂದೆ ಮಂಡಿಯೂರಿದರು. ಅದರ ಬದಲು ಟಿವಿ ನೋಡುವ ಸಾಮಾನ್ಯ ಜನರೂ ನಿಷ್ಠೆಯ ಪ್ರಮಾಣ ಹೇಳಲಿ ಎಂಬ ಯೋಜನೆಯಿತ್ತು. ಇದಕ್ಕೆ ವಿರೋಧ ಬಂದದ್ದೇ ತಡ, ಸಮಾರಂಭದ ದಿನ ಮಾತಿನ ಧಾಟಿ ಬದಲಾಯಿತು. 'ಇಷ್ಟವಿದ್ದವರು ಹೇಳಬಹುದು' ಎಂಬ ಆಹ್ವಾನವಾಗಿ ಅದು ಮೆದುವಾಯಿತು.

ಬ್ರಿಟನ್ನಿನಲ್ಲಿ ಬಾಗದಿರುವುದಕ್ಕೂ ಒಂದು ಸಂಪ್ರದಾಯವಿದೆ. ಸಂಸತ್ತಿನ ಅಧಿವೇಶನ ಉದ್ಘಾಟಿಸುವ ದಿನ ರಾಜನ ದೂತ ಜನಪ್ರತಿನಿಧಿಗಳ ಸದನದತ್ತ ಬಂದರೆ ಅವರ ಮುಖದೆದುರೇ ಬಾಗಿಲು ಮುಚ್ಚಲಾಗುತ್ತದೆ. ಅವರು ಕೋಲಿನಿಂದ ಮೂರು ಬಾರಿ ತಟ್ಟಿದ ಮೇಲಷ್ಟೇ ಬಾಗಿಲು ತೆರೆಯುತ್ತದೆ. 1642ರಲ್ಲಿ ಮೊದಲನೇ ಚಾರ್ಲ್ಸ್ ಐವರು ಸದಸ್ಯರನ್ನು ಬಂಧಿಸಲು ಸದನಕ್ಕೇ ನುಗ್ಗಿದ್ದರ ನೆನಪು ಅದು.

ಬ್ಯಾಂಕಾಕ್: ರದ್ದಾದ ಪದ್ಧತಿ ಮರಳಿ ಬಂದ ಕತೆ

ಥಾಯ್ಲೆಂಡ್ ಕತೆಯೇ ಬೇರೆ. ಅಲ್ಲಿ ರಾಜನ ಮುಂದೆ ಮಂಡಿಯೂರಿ ನೆಲಕ್ಕೆ ಬಾಗಿ ನಮಸ್ಕರಿಸುವುದು ಹಳೆಯ ಪದ್ಧತಿ. ಅದನ್ನು ರದ್ದು ಮಾಡಿದ್ದು ಯಾವುದೋ ಕ್ರಾಂತಿಯಲ್ಲ, ಸ್ವತಃ ಒಬ್ಬ ರಾಜ. 1873ರಲ್ಲಿ ದೊರೆ ಚುಲಾಲೊಂಗ್‌ಕಾರ್ನ್, ಇದು ಒಬ್ಬರು ಇನ್ನೊಬ್ಬರನ್ನು ತುಳಿಯುವುದರ ಗುರುತು ಎಂಬ ಕಾರಣ ನೀಡಿ ಅಡ್ಡಬೀಳುವ ಪದ್ಧತಿಯನ್ನೇ ನಿಲ್ಲಿಸಿದರು. ಇನ್ನು ಮುಂದೆ ಎದ್ದು ನಿಂತು ತಲೆಬಾಗಿಸಿದರೆ ಸಾಕು ಎಂದರು.

ಆದರೆ 20ನೇ ಶತಮಾನದ ಉತ್ತರಾರ್ಧದಲ್ಲಿ ಆ ಪದ್ಧತಿ ಮರಳಿ ಬಂತು. ಪ್ರಧಾನಿಗಳು, ಸೇನಾಧಿಕಾರಿಗಳು ರಾಜನ ಎದುರು ನೆಲದ ಮೇಲೆ ಬಾಗುವ ದೃಶ್ಯ ಮತ್ತೆ ಸಾಮಾನ್ಯವಾಯಿತು. ಬ್ಯಾಂಕಾಕಿನ ಚುಲಾಲೊಂಗ್‌ಕಾರ್ನ್ ವಿಶ್ವವಿದ್ಯಾಲಯದಲ್ಲಿ ಹೊಸ ವಿದ್ಯಾರ್ಥಿಗಳು ಅದೇ ದೊರೆಯ ಪ್ರತಿಮೆಯ ಮುಂದೆ ಅಡ್ಡಬೀಳುವ ಸಮಾರಂಭವೂ ಶುರುವಾಯಿತು. ಅಡ್ಡಬೀಳಬೇಡಿ ಎಂದ ರಾಜನಿಗೇ ಅಡ್ಡಬೀಳುವುದೇ ಎಂದು ಪ್ರಶ್ನಿಸಿ 2017ರಲ್ಲಿ ಕೆಲವು ವಿದ್ಯಾರ್ಥಿಗಳು ಹೊರನಡೆದರು. ಅವರಲ್ಲಿದ್ದ ವಿದ್ಯಾರ್ಥಿ ಪರಿಷತ್ತಿನ ಅಧ್ಯಕ್ಷ ಬಳಿಕ ಆ ಹುದ್ದೆಯನ್ನೇ ಕಳೆದುಕೊಳ್ಳಬೇಕಾಯಿತು.

ಥಾಯ್ ದಂಡಸಂಹಿತೆಯ 112ನೇ ಕಲಂ ಪ್ರಕಾರ ರಾಜ, ರಾಣಿ, ಉತ್ತರಾಧಿಕಾರಿಯನ್ನು ಅವಮಾನಿಸಿದರೆ ಪ್ರತಿ ಆರೋಪಕ್ಕೂ 3ರಿಂದ 15 ವರ್ಷ ಜೈಲು. ತಲೆಬಾಗದಿದ್ದರೆ ಶಿಕ್ಷೆ ಎಂದು ಅದರಲ್ಲಿ ಬರೆದಿಲ್ಲ. ಆದರೆ ಟೀಕೆಗೇ ಜೈಲು ಕಾದಿರುವಾಗ, ನೆಲಕ್ಕೆ ಬಾಗಿದವರಲ್ಲಿ ಪ್ರೀತಿಯಿಂದ ಬಾಗಿದವರೆಷ್ಟು, ಹೆದರಿಕೆಯಿಂದ ಬಾಗಿದವರೆಷ್ಟು ಎಂದು ಹೇಳುವುದು ಹೇಗೆ? ಅಲ್ಲಿ ನಿಜವಾದ ಪ್ರೀತಿ ಇಟ್ಟುಕೊಂಡವರಿಗೂ ಈ ಕಾನೂನು ನ್ಯಾಯ ಮಾಡುವುದಿಲ್ಲ. ಅವರ ಗೌರವವನ್ನೂ ಅನುಮಾನದಿಂದ ನೋಡುವಂತಾಗುತ್ತದೆ.

ಚಕ್ರವರ್ತಿಯೇ ಮಂಡಿಯೂರಿದಾಗ

ಜಪಾನಿನಲ್ಲಿ 1991ರಲ್ಲಿ ನಾಗಾಸಾಕಿ ಪ್ರಾಂತ್ಯದ ಉನ್ಜೆನ್ ಜ್ವಾಲಾಮುಖಿ ಸ್ಫೋಟಿಸಿದಾಗ ಚಕ್ರವರ್ತಿ ಅಕಿಹಿಟೊ ಮತ್ತು ಮಿಚಿಕೊ ನಿರಾಶ್ರಿತರ ಶಿಬಿರಕ್ಕೆ ಹೋದರು. ನೆಲದ ಮೇಲೆ ಕುಳಿತಿದ್ದ ಸಂತ್ರಸ್ತರ ಎದುರು ತಾವೂ ಮಂಡಿಯೂರಿ ಕುಳಿತು ಮಾತನಾಡಿಸಿದರು. ಎರಡನೇ ಮಹಾಯುದ್ಧ ಮುಗಿಯುವವರೆಗೂ ಚಕ್ರವರ್ತಿಯನ್ನು ದೇವರೆಂದೇ ಭಾವಿಸಿದ್ದ ದೇಶವದು. ಸಂಪ್ರದಾಯವಾದಿಗಳಿಗೆ ಇದು ಸರಿಕಾಣಲಿಲ್ಲ. ಆದರೆ 2011ರ ಸುನಾಮಿಯ ಬಳಿಕವೂ ಅವರು ಹಾಗೆಯೇ ಕುಳಿತರು. ಜನಮನದಲ್ಲಿ ಅವರ ಗೌರವ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಪರ ಮತ್ತು ವಿರೋಧ

ಪದ್ಧತಿಯನ್ನು ಸಮರ್ಥಿಸುವವರ ವಾದ ಹೀಗಿದೆ: ತಲೆಬಾಗುವುದು ವ್ಯಕ್ತಿಗಲ್ಲ, ಪೀಠಕ್ಕೆ. ನ್ಯಾಯಾಲಯದಲ್ಲಿ ವಕೀಲರು ನ್ಯಾಯಾಧೀಶರಿಗೆ ತಲೆಬಾಗುತ್ತಾರೆ. ಹಬ್ಬದ ದಿನ ಮನೆಯ ಹಿರಿಯರ ಕಾಲಿಗೆ ಬೀಳುತ್ತೇವೆ. ಅದರಿಂದ ಯಾರ ಘನತೆಯೂ ಕುಗ್ಗುವುದಿಲ್ಲ. ಇಂಥ ಆಚರಣೆಗಳು ಒಂದು ನಾಡನ್ನು ಅದರ ಇತಿಹಾಸದ ಜೊತೆ ಕಟ್ಟಿಹಾಕುತ್ತವೆ.

ವಿರೋಧಿಸುವವರ ವಾದವೂ ಗಟ್ಟಿಯಾಗಿದೆ. ನ್ಯಾಯಾಧೀಶರು ಓದಿ, ಅರ್ಹತೆ ಪಡೆದು ಪೀಠದಲ್ಲಿ ಕೂರುತ್ತಾರೆ. ಹಿರಿಯರಿಗೆ ವಯಸ್ಸಿನ ಹಕ್ಕಿದೆ, ನಾವೂ ಮುಂದೊಂದು ದಿನ ಹಿರಿಯರಾಗುತ್ತೇವೆ. ಆದರೆ ರಾಜನಾಗುವುದು ಹುಟ್ಟಿನಿಂದ ಮಾತ್ರ. ಹುಟ್ಟಿಗೆ ತಲೆಬಾಗುವುದೆಂದರೆ ಮೇಲುಕೀಳನ್ನು ಒಪ್ಪಿಕೊಂಡಂತೆ. ಜಾತಿಯ ಹೆಸರಿನಲ್ಲಿ ಶತಮಾನಗಳ ಕಾಲ ಜನರ ತಲೆ ತಗ್ಗಿಸಿದ ನಮ್ಮ ಸಮಾಜಕ್ಕೆ ಈ ಮಾತು ಬೇಗ ಅರ್ಥವಾಗುತ್ತದೆ.

ಭಾರತದಲ್ಲಿ ಏನಾಯಿತು?

ನಮ್ಮ ಸಂವಿಧಾನದ 18ನೇ ವಿಧಿ ಬಿರುದುಗಳನ್ನು ರದ್ದುಪಡಿಸಿತು. 1971ರ 26ನೇ ತಿದ್ದುಪಡಿ ಮಾಜಿ ಅರಸರ ರಾಜಧನವನ್ನೂ ಮಾನ್ಯತೆಯನ್ನೂ ತೆಗೆದುಹಾಕಿತು. ಅಂದಮಾತ್ರಕ್ಕೆ ಸಂಪ್ರದಾಯಗಳು ಅಳಿಯಲಿಲ್ಲ. ಮೈಸೂರು ದಸರೆಯಲ್ಲಿ ಒಂದು ಕಾಲಕ್ಕೆ ಮಹಾರಾಜರು ಕೂರುತ್ತಿದ್ದ ಚಿನ್ನದ ಅಂಬಾರಿಯಲ್ಲಿ ಈಗ ತಾಯಿ ಚಾಮುಂಡೇಶ್ವರಿಯ ವಿಗ್ರಹವಿದೆ. ಪುಷ್ಪಾರ್ಚನೆ ಮಾಡುವವರು ಜನರಿಂದ ಆಯ್ಕೆಯಾದ ಸರ್ಕಾರದ ಮುಖ್ಯಮಂತ್ರಿ. ಅರಮನೆಯಲ್ಲಿ ಖಾಸಗಿ ದರ್ಬಾರು ಈಗಲೂ ನಡೆಯುತ್ತದೆ. ಅದರಲ್ಲಿ ಸಿಂಹಾಸನವೇರುವ ಯದುವೀರ್ ಕೃಷ್ಣದತ್ತ ಚಾಮರಾಜ ಒಡೆಯರ್ 2024ರಲ್ಲಿ ಜನರ ಮುಂದೆ ಹೋಗಿ ಮತ ಕೇಳಿ ಸಂಸದರಾದರು. ಇಷ್ಟವಿದ್ದವರು ಅವರಿಗೆ ಮುಜುರೆ ಸಲ್ಲಿಸುತ್ತಾರೆ. ಸಲ್ಲಿಸದವರಿಗೆ ಕಾನೂನಿನ ಭಯವಿಲ್ಲ.

ಹಾಗೆಂದು ನಾವು ಪೂರ್ತಿ ಬದಲಾದೆವೇ? ರಾಜರು ಹೋದರೂ ರಾಜಕಾರಣಿಗಳ ಕಾಲಿಗೆ ಸಾಲುಗಟ್ಟಿ ಬೀಳುವವರನ್ನು ಟಿವಿಯಲ್ಲಿ ನೋಡುತ್ತಲೇ ಇದ್ದೇವೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಎಚ್ಚರಿಸಿದ್ದು ಇದನ್ನೇ. ಧರ್ಮದಲ್ಲಿ ಭಕ್ತಿ ಮುಕ್ತಿಯ ದಾರಿಯಾಗಬಹುದು, ರಾಜಕೀಯದಲ್ಲಿ ಅದು ಅಧಃಪತನಕ್ಕೂ ಸರ್ವಾಧಿಕಾರಕ್ಕೂ ದಾರಿ ಎಂಬುದು ಅವರ ಮಾತಿನ ಸಾರ. ಅಂದಹಾಗೆ, 1913ರಲ್ಲಿ ಅಂಬೇಡ್ಕರ್ ಅವರನ್ನು ವಿದ್ಯಾರ್ಥಿವೇತನ ನೀಡಿ ಅಮೆರಿಕಕ್ಕೆ ಓದಲು ಕಳುಹಿಸಿದ್ದು, ದೆಹಲಿ ದರ್ಬಾರಿನಲ್ಲಿ ಬೆನ್ನು ತಿರುಗಿಸಿದ ಅದೇ ಸಯಾಜಿರಾವ್.

ಹಾಗಾಗಿ ಯಾರು ಯಾರಿಗೆ ಎಷ್ಟು ಬಾಗಿದರು ಎಂದು ಅಳೆಯುವುದಕ್ಕಿಂತ, ಬಾಗದೆ ನಿಂತವರಿಗೆ ಏನಾಗುತ್ತದೆ ಎಂದು ನೋಡುವುದೇ ಸರಿಯಾದ ಪರೀಕ್ಷೆ. ಏನೂ ಆಗುವುದಿಲ್ಲ ಎಂದಾದರೆ ಆ ನಮಸ್ಕಾರ ಸೌಜನ್ಯ, ಅದು ಉಳಿದರೂ ಯಾರಿಗೂ ನಷ್ಟವಿಲ್ಲ. ಹುದ್ದೆ ಹೋಗುತ್ತದೆ, ಕ್ಷಮೆ ಕೇಳಬೇಕಾಗುತ್ತದೆ ಎಂದಾದರೆ ಅದು ನಮಸ್ಕಾರವಲ್ಲ, ಕಪ್ಪಕಾಣಿಕೆ.