ವನಸಂಚಾರದಲ್ಲಿ ವಿಶ್ರಾಂತಿ

ಹೆಗ್ಗಡದೇವನಕೋಟೆ ತಾಲ್ಲೂಕಿನ ಹಂಪಾಪುರದಲ್ಲಿ ವಾಸಿಸತಕ್ಕ ನಮ್ಮಂಥವರಿಗೆ ಕಾಡೆಂಬುದು ದೂರದ ವಸ್ತುವಲ್ಲ. ಮೈಸೂರಿನಿಂದ ಮಾನಂದವಾಡಿಗೆ ಹೋಗುವ ರಸ್ತೆಯು ನಮ್ಮೂರನ್ನು ಹಾದು, ಹ್ಯಾಂಡ್‌ಪೋಸ್ಟ್, ಅಂತರಸಂತೆಗಳನ್ನು ದಾಟಿ ನಾಗರಹೊಳೆಯ ಅರಣ್ಯವನ್ನು ಹೊಗುತ್ತದೆ. ರಜಾದಿನಗಳಲ್ಲಿ ಪಟ್ಟಣವಾಸಿಗಳ ಕಾರುಗಳು ಸಾಲುಸಾಲಾಗಿ ಸಫಾರಿಗೆಂದು ಓಡುವುದನ್ನು ನಾವು ಎಷ್ಟೋ ವರ್ಷ ಕಂಡಿದ್ದೇವೆ. ಪ್ರಯಾಣಿಕರು ದುರ್ಬೀನು, ಕ್ಯಾಮೆರಾ ಮೊದಲಾದುವನ್ನೆಲ್ಲ ಸಿದ್ಧಪಡಿಸಿಕೊಂಡಿರುತ್ತಾರೆ. ದಾರಿಯಲ್ಲಿ ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂಬುದನ್ನು ಮಾತ್ರ ಆಲೋಚಿಸಿರುವುದಿಲ್ಲ. ಅನ್ಯರನ್ನು ಆಕ್ಷೇಪಿಸುವುದಕ್ಕೆ ಮುನ್ನ ನಮ್ಮ ತಪ್ಪನ್ನೇ ಹೇಳಿಕೊಳ್ಳುವುದು ಯುಕ್ತ.

ಕೆಲವು ವರ್ಷಗಳ ಹಿಂದೆ, ಬೇಸಿಗೆಯ ರಜೆಯಲ್ಲಿ, ಮೊಮ್ಮಗನ ಹಟಕ್ಕಾಗಿ ಮನೆಮಂದಿಯೊಡನೆ ದಮ್ಮನಕಟ್ಟೆಗೆ ಹೊರಟೆವು. ಎಪ್ಪತ್ತನ್ನು ಸಮೀಪಿಸಿದ್ದ ನಮ್ಮ ಅಕ್ಕನವರೂ ಜೊತೆಯಲ್ಲಿದ್ದರು. ಮಧ್ಯಾಹ್ನದ ಬಿಸಿಲು ತೀಕ್ಷ್ಣವಾಗಿತ್ತು. ಹ್ಯಾಂಡ್‌ಪೋಸ್ಟಿನಲ್ಲಿ ಸ್ವಲ್ಪ ನಿಲ್ಲಿಸೋಣವೆಂದು ಮನೆಯವರು ಸೂಚಿಸಿದರು. ಬಹುಕಾಲ ಶಾಲೆಯ ಗಂಟೆಗೆ ಒಗ್ಗಿದ ನಾವು, ಹೊತ್ತು ಮೀರೀತೆಂದು ಗದರಿ, ಎಲ್ಲಿಯೂ ಇಳಿಯಗೊಡದೆ ಕರೆದುಕೊಂಡು ಹೋದೆವು. ಸಫಾರಿಯ ವಾಹನವನ್ನೇರುವಾಗಲೂ ಅವಸರವೇ.

ಕಾಡಿನೊಳಗೆ ಒಂದು ಗಂಟೆ ಕಳೆದಿರಬಹುದು. ಕಬಿನಿಯ ಹಿನ್ನೀರಿನ ಅಂಚಿನಲ್ಲಿ ಆನೆಗಳ ಹಿಂಡು ಕಾಣಿಸಿತು. ಚಾಲಕನು ಎಂಜಿನ್ನನ್ನು ಆರಿಸಿದನು. ಎಲ್ಲರೂ ಕತ್ತು ನೀಡಿ ನೋಡುತ್ತಿದ್ದರು. ಅಕ್ಕನವರು ಮಾತ್ರ ತಲೆ ತಗ್ಗಿಸಿ ಕುಳಿತಿದ್ದರು. ಕೈ ಮುಟ್ಟಿದರೆ ತಣ್ಣಗೆ ಬೆವೆತಿತ್ತು. ವಿಚಾರಿಸಿದಾಗ, ಬೆಳಗಿನ ಕಾಫಿಯ ಹೊರತು ಅವರು ಹನಿ ನೀರನ್ನೂ ಕುಡಿದಿರಲಿಲ್ಲವೆಂದು ತಿಳಿಯಿತು. “ಕುಡಿದರೆ ದಾರೀಲಿ ಇಳೀಬೇಕಾಗುತ್ತೆ, ತಮ್ಮಾ. ಹೆಂಗಸರು ಎಲ್ಲಿ ಅಂತ ಇಳಿಯೋದು?” ಎಂದರು. ನಮಗೆ ಉತ್ತರ ತೋಚಲಿಲ್ಲ. ನೀರಿನ ಸೀಸೆಯನ್ನು ಕೈಗಿತ್ತೆವು. ಗುಟುಕು ಗುಟುಕಾಗಿ ಕುಡಿದರು. ಚಾಲಕನು ವಿಷಯವನ್ನರಿತು ಗಾಡಿಯನ್ನು ಅಲ್ಲಿಯೇ ನೆರಳಿನಲ್ಲಿ ತಡೆದಿರಿಸಿದನು. ಎದುರಿಗೆ ಆನೆಗಳು ನೀರು ಕುಡಿದು, ಮೈಗೆ ಕೆಸರೆರಚಿಕೊಂಡು, ನಡುವೆ ಮಲಗಿದ ಮರಿಯನ್ನು ಕಾಯುತ್ತ ನಿಂತಿದ್ದುವು. ತುಸು ಚೇತರಿಸಿಕೊಂಡ ಅಕ್ಕನವರು, “ನೋಡು, ಅದನ್ನ ಯಾರೂ ಹೊತ್ತಾಯ್ತು ಏಳು ಅನ್ನೋಲ್ಲ” ಎಂದರು. ಆ ಮಾತು ಯಾರನ್ನು ಕುರಿತದ್ದೆಂಬುದು ನಮಗೆ ಚೆನ್ನಾಗಿ ಅರ್ಥವಾಯಿತು.

ಸಫಾರಿ ಎಂಬುದು ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯ ಶಬ್ದ. ಅರಬ್ಬಿಯ ಮೂಲದಿಂದ ಬಂದುದು. ಪ್ರಯಾಣವೆಂದೇ ಅದರ ಅರ್ಥ. ತಂಗುದಾಣವಿಲ್ಲದ ಪ್ರಯಾಣ ಸುಖಕರವಾದೀತೆ? ದಕ್ಷಿಣ ಆಫ್ರಿಕದ ಕ್ರೂಗರ್ ಉದ್ಯಾನದಲ್ಲಿ ಪ್ರವಾಸಿಗಳು ಇಳಿದು ದಣಿವಾರಿಸಿಕೊಳ್ಳುವುದಕ್ಕೆಂದೇ ಗೊತ್ತುಮಾಡಿದ ಸ್ಥಳಗಳುಂಟು. ನಮ್ಮ ಕಾಡಿನ ರೀತಿ ಬೇರೆ. ಇಲ್ಲಿ ಪೊದೆ ದಟ್ಟ. ಹತ್ತು ಮಾರು ದೂರದಲ್ಲಿ ಮಲಗಿದ ಚಿರತೆಯೂ ಕಣ್ಣಿಗೆ ಬೀಳದು. ಆದುದರಿಂದ ಸಫಾರಿಯ ನಡುವೆ ವಾಹನದಿಂದಿಳಿಯುವುದು ಸರ್ವಥಾ ಕೂಡದು. ವಿಶ್ರಾಂತಿಯನ್ನು ಕಾಡನ್ನು ಹೊಗುವ ಮೊದಲೇ ಪಡೆಯತಕ್ಕದ್ದು. ಅರ್ಧ ಗಂಟೆ ಮುಂಚಿತವಾಗಿ ಸಫಾರಿಯ ಸ್ಥಳವನ್ನು ಮುಟ್ಟಿ, ವೃದ್ಧರನ್ನೂ ಮಕ್ಕಳನ್ನೂ ಇಳಿಸಿ, ಶೌಚಾದಿಗಳನ್ನು ತೀರಿಸಿಕೊಂಡು, ಕೈಕಾಲು ಸಡಿಲಿಸಿ, ಬಳಿಕ ಗಾಡಿಯನ್ನೇರಬೇಕು. ನೀರನ್ನು ಬಿಡಬಾರದು, ಒಮ್ಮೆಗೇ ಬಹಳ ಕುಡಿಯದೆ ಆಗಾಗ ಸ್ವಲ್ಪ ಸ್ವಲ್ಪ ಕುಡಿಯಬೇಕು. ನಾಚಿಕೆಯಿಂದ ಬಾಯಿಬಿಟ್ಟು ಹೇಳಲಾರದವರನ್ನು ಮನೆಯ ಯಜಮಾನನೇ ಮೊದಲು ವಿಚಾರಿಸಬೇಕು.

ಕಾಡಿನೊಳಗಿನ ವಿಶ್ರಾಂತಿಯೆಂದರೆ, ಎಂಜಿನ್ನನ್ನು ಆರಿಸಿ, ಮಾತನ್ನು ನಿಲ್ಲಿಸಿ, ಸುಮ್ಮನೆ ಕುಳಿತಿರುವುದು. ಅದು ನಮಗಷ್ಟೇ ಅಲ್ಲ, ಮೃಗಗಳಿಗೂ ಬೇಕಾದುದು. 1974ರಲ್ಲಿ ಕಬಿನಿ ಜಲಾಶಯವಾದಂದಿನಿಂದ, ಬೇಸಿಗೆಯಲ್ಲಿ ನೀರು ಹಿಂಜರಿದ ಬಯಲಿನಲ್ಲಿ ಎಳೆಹುಲ್ಲು ಚಿಗುರುತ್ತದೆ. ಆಗ ಸುತ್ತಣ ಕಾಡುಗಳ ಆನೆಗಳು ಅಲ್ಲಿಗೆ ಬಂದು ಸೇರುತ್ತವೆ. ದೊಡ್ಡ ಆನೆಯೊಂದಕ್ಕೆ ದಿನಕ್ಕೆ ನೂರು ಲೀಟರಿಗೂ ಮಿಗಿಲಾಗಿ ನೀರು ಬೇಕು. ಒಂದಾದ ಮೇಲೊಂದು ಗಾಡಿ ಮೊರೆಯುತ್ತ ಮೇಲೆ ಬಿದ್ದರೆ ಅದು ನೀರು ಬಿಟ್ಟು ಹಿಂದಿರುಗೀತು. ಆಗ ಅದರ ಪಾಡೂ ನಮ್ಮ ಅಕ್ಕನವರ ಪಾಡೇ. ಮಾನಂದವಾಡಿಯ ರಸ್ತೆಯಲ್ಲಿ ಕಾಡಿನ ಭಾಗವನ್ನು ಸಂಜೆ 6ರಿಂದ ಬೆಳಗ್ಗೆ 6ರವರೆಗೆ ವಾಹನಗಳಿಗೆ ಮುಚ್ಚಿರುವುದೂ, ಹಗಲಿನಲ್ಲಿ ನಡುದಾರಿಯಲ್ಲಿ ನಿಲ್ಲಕೂಡದೆಂಬ ಕಟ್ಟಳೆಯೂ ವನ್ಯಜೀವಿಗಳ ನೆಮ್ಮದಿಗಾಗಿಯೇ. 2025ರ ನವೆಂಬರಿನಲ್ಲಿ ಸರಗೂರಿನ ಸೀಮೆಯಲ್ಲಿ ಹುಲಿಯ ದಾಳಿಯಿಂದ ಪ್ರಾಣಹಾನಿಯಾದಾಗ ಸರ್ಕಾರವು ನಾಗರಹೊಳೆ, ಬಂಡೀಪುರಗಳೆರಡರಲ್ಲಿಯೂ ಸಫಾರಿಯನ್ನೇ ನಿಲ್ಲಿಸಿತು. ಕಾಡಿನಂಚಿನಲ್ಲಿ ಬಾಳತಕ್ಕವರ ಕಷ್ಟದ ಮುಂದೆ ನಮ್ಮ ವಿನೋದವು ದೊಡ್ಡದಲ್ಲವೆಂಬುದನ್ನು ಪ್ರವಾಸಿಗಳು ಮರೆಯಬಾರದು.

ಕಾಳಿದಾಸನ ಶಾಕುಂತಲದ ಎರಡನೆಯ ಅಂಕವು ವಾಚಕರಲ್ಲಿ ಅನೇಕರಿಗೆ ಪರಿಚಿತವಾಗಿರಬಹುದು. ದುಷ್ಯಂತನ ಹಿಂದೆ ಬೇಟೆಯಲ್ಲಿ ಅಲೆದಲೆದು ಮೈಕೈ ನೊಂದ ವಿದೂಷಕನು ಒಂದು ದಿನದ ಬಿಡುವಿಗಾಗಿ ಅಂಗಲಾಚುತ್ತಾನೆ. ರಾಜನು ಬೇಟೆಯನ್ನು ನಿಲ್ಲಿಸುತ್ತಾನೆ. ಅದರಿಂದ ವಿದೂಷಕನಿಗೆ ಬಿಡುವಾಯಿತು. ಕಾಡಿನ ಮೃಗಗಳಿಗೂ ಬಿಡುವಾಯಿತು. ತರಗತಿಯಲ್ಲಿ ಅದನ್ನು ಎಷ್ಟೋ ಸಲ ಪಾಠಹೇಳಿ, ವಿದೂಷಕನ ಗೋಳಿಗೆ ಹುಡುಗರೊಡನೆ ನಾವೂ ನಕ್ಕಿದ್ದೆವು. ದಣಿದವರ ಮಾತನ್ನು ನಗೆಯಾಗಿ ತಳ್ಳಿಹಾಕಬಾರದೆಂಬ ಪಾಠವನ್ನು ನಾವು ಕಲಿತದ್ದು ಆ ಬೇಸಿಗೆಯ ಮಧ್ಯಾಹ್ನದಲ್ಲಿ.

ಅಂದು ಹಿಂದಿರುಗುವಾಗ ಅಂತರಸಂತೆಯಲ್ಲಿ ನಿಂತೆವು, ಹ್ಯಾಂಡ್‌ಪೋಸ್ಟಿನಲ್ಲಿ ಮತ್ತೊಮ್ಮೆ ನಿಂತೆವು. ಮನೆ ಸೇರುವಾಗ ರಾತ್ರಿಯಾಗಿತ್ತು. ಹೊತ್ತಾಯಿತೆಂದು ಯಾರೂ ಹೇಳಲಿಲ್ಲ, ನಾವೂ ಹೇಳಲಿಲ್ಲ.